ಎಸ್‌ಎಸ್‌ಡಿಗೆ ಮುಹೂರ್ತ

ಬಳಗದಲ್ಲಿ ಒಬ್ಬ ಕಂಪ್ಯೂಟರ್ ಕೆಲಸದವನಿದ್ದರೆ ಅವನ ಪಾಡು ನಿಮಗೆ ಗೊತ್ತೇ ಇರುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುವ ಮೊದಲೇ ಪಕ್ಕದವರು 'ನಮ್ಮ ಲ್ಯಾಪ್‌ಟಾಪ್ ತುಂಬಾ ಸ್ಲೋ ಆಗಿದೆ' ಎಂದು ಶುರು ಮಾಡಿರುತ್ತಾರೆ. ನನಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಸುಲಭ. ಪ್ರಿಂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿ ಎಂದರೆ ಮುಕ್ಕಾಲು ಪಾಲು ಮುಗಿಯಿತು. ಒಂದು ಪ್ರಶ್ನೆ ಮಾತ್ರ ವರ್ಷಗಳಿಂದ ಬೇರೆ ಬೇರೆ ಬಾಯಲ್ಲಿ ಒಂದೇ ರೂಪದಲ್ಲಿ ಬರುತ್ತಿದೆ. 'ಎಸ್‌ಎಸ್‌ಡಿ ಹಾಕಿಸಬೇಕು ಅಂತಿದೀನಿ. ಈಗ ತಗೊಳ್ಳಲಾ, ಸ್ವಲ್ಪ ದಿನ ಕಾಯಲಾ?' (ಎಸ್‌ಎಸ್‌ಡಿ ಅಂದರೆ ಹಾರ್ಡ್ ಡಿಸ್ಕಿನ ಬದಲು ಹಾಕುವ, ಮಾಹಿತಿಯನ್ನು ಚಿಪ್ಪಿನಲ್ಲಿ ಇಡುವ ಡ್ರೈವ್.)

ಹೀಗೆ ಕೇಳುವವರು ಆಗಲೇ ಸಾಕಷ್ಟು ಕಾದವರು. ದಸರಾ ಆಫರ್ ಆಯಿತು, ದೀಪಾವಳಿ ಸೇಲ್ ಆಯಿತು, ಹೊಸ ವರ್ಷದ್ದೂ ಆಯಿತು. ರೇಟ್ ಇನ್ನೂ ಇಳಿಯಬಹುದು, ಇನ್ನೂ ಫಾಸ್ಟ್ ಆದದ್ದು ಬರಬಹುದು ಅಂತ ಅವರ ಲೆಕ್ಕ. ಕಾಯುವುದಕ್ಕೆ ಕಾಸು ಖರ್ಚಾಗುವುದಿಲ್ಲ ಎಂಬ ನಂಬಿಕೆ ಈ ಲೆಕ್ಕದ ಬುಡದಲ್ಲಿದೆ. ನನ್ನನ್ನು ಕಾಡುವುದು ಆ ನಂಬಿಕೆಯೇ. ಇನ್ನೂ ಹಾರ್ಡ್ ಡಿಸ್ಕ್ ಇಟ್ಟುಕೊಂಡು ಒದ್ದಾಡುತ್ತಿರುವವರ ಮಟ್ಟಿಗೆ ಅದು ಸುಳ್ಳು. ಆಗಲೇ ಒಂದು ಎಸ್‌ಎಸ್‌ಡಿ ಇದ್ದು ಅದಕ್ಕಿಂತ ಚೆನ್ನಾಗಿರೋದು ಬೇಕು ಅನ್ನುವವರ ಮಟ್ಟಿಗೆ ನಿಜ. ವಿಚಿತ್ರ ಏನೆಂದರೆ, ನಾನು ಕಂಡ ಹಾಗೆ ಈ ಎರಡು ಗುಂಪಿನವರೂ ತದ್ವಿರುದ್ಧ ನಡೆದುಕೊಳ್ಳುತ್ತಾರೆ. ಹಾರ್ಡ್ ಡಿಸ್ಕಿನವರು ತಾಳ್ಮೆಯಿಂದ ಕಾಯುತ್ತಾರೆ. ಎಸ್‌ಎಸ್‌ಡಿ ಇರುವವರು ಹೊಸ ಮಾಡೆಲ್ ಬಂದ ವಾರವೇ ಕೊಳ್ಳಲು ಹೊರಡುತ್ತಾರೆ.

ತಿಪಟೂರಿನ ಅಂಗಡಿ

ನಮ್ಮ ಅಕ್ಕನ ಗಂಡ ತಿಪಟೂರಿನಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಪಹಣಿ ಪ್ರಿಂಟು, ಕಾಲೇಜು ಅರ್ಜಿ, ಎಲ್ಲ ಅಲ್ಲೇ ಆಗುತ್ತದೆ. ಕಂಪ್ಯೂಟರ್ ಹಳೆಯದು. ಅದರಲ್ಲಿ ನುಡಿ ಇದೆ, ಪೇಜ್‌ಮೇಕರ್ ಇದೆ, ಕೋರೆಲ್ ಇದೆ, ಯುಎಸ್‌ಬಿಗೆ ಸಿಕ್ಕಿಸಿದ ಶ್ರೀಲಿಪಿ ಡಾಂಗಲ್ ಇದೆ. ಇಪ್ಪತ್ತು ವರ್ಷಗಳಲ್ಲಿ ಕೂಡಿಟ್ಟ ನೂರಾರು ಫಾಂಟುಗಳಿವೆ. ಹೊಸ ಕಂಪ್ಯೂಟರ್ ತಗೊಳ್ಳಿ ಎಂದು ಹೇಳುವುದು ಸುಲಭ. ಇಷ್ಟನ್ನೂ ಹೊಸದಕ್ಕೆ ಸಾಗಿಸಿ, ಪ್ರತಿ ಫೈಲೂ ಅಕ್ಷರ ಒಡೆಯದೆ ತೆರೆಯುತ್ತದೆಯೇ ಎಂದು ನೋಡುವುದು ಎಂಥ ಕೆಲಸ ಅನ್ನುವುದು ಡಿಟಿಪಿಯವರಿಗೇ ಗೊತ್ತು.

2023ರ ಜುಲೈ ಕೊನೆಯಲ್ಲಿ ನಾನು ಅಲ್ಲಿದ್ದೆ. ಗೃಹಲಕ್ಷ್ಮಿ ಅರ್ಜಿ ಶುರುವಾದ ದಿನಗಳು. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಹಿಡಿದ ಹೆಂಗಸರು ಬೆಳಗಿನಿಂದಲೇ ಅಂಗಡಿ ಮುಂದೆ ನಿಂತಿರುತ್ತಿದ್ದರು. ಭಾವ ಶಟರ್ ಎತ್ತಿದವರೇ ಮೊದಲು ಸಿಪಿಯು ಸ್ವಿಚ್ ಒತ್ತುತ್ತಿದ್ದರು. ಆಮೇಲೆ ಬಾಗಿಲಿಗೆ ನೀರು ಹಾಕಿ, ದೇವರ ಫೋಟೋಗೆ ಹೂ ಇಟ್ಟು, ಊದುಬತ್ತಿ ಹಚ್ಚಿ, ಎದುರಿನ ಹೋಟೆಲಿನಿಂದ ಟೀ ತರಿಸಿ ಕುಡಿದು ಕೂರುವ ಹೊತ್ತಿಗೆ ಡೆಸ್ಕ್‌ಟಾಪ್ ಕಾಣಿಸುತ್ತಿತ್ತು. ಆಗಲೂ ಕೆಲಸಕ್ಕೆ ಸಿದ್ಧವಿರುತ್ತಿರಲಿಲ್ಲ. ಮೌಸ್ ಮಾತ್ರ ಅಲ್ಲಾಡುತ್ತಿತ್ತು. ಕೋರೆಲ್ ತೆರೆಯಲು ಕ್ಲಿಕ್ ಮಾಡಿದರೆ ಅದು ಒಂದೊಂದೇ ಫಾಂಟನ್ನು ಎಣಿಸುತ್ತಾ ಕೂರುತ್ತಿತ್ತು. ಭಾವ ಇದಕ್ಕೆ ಎಷ್ಟು ಹೊಂದಿಕೊಂಡಿದ್ದರೆಂದರೆ, ಅವರ ಬೆಳಗಿನ ಪೂಜೆಯ ಅಳತೆಯೇ ಆ ಹಾರ್ಡ್ ಡಿಸ್ಕಿನ ವೇಗದ ಮೇಲೆ ನಿಂತಿತ್ತು.

ಆ ದಿನ ಒಬ್ಬಾಕೆ ವಾಟ್ಸಾಪಿನಲ್ಲಿ ಬಂದ ಒಂದು ಪಿಡಿಎಫ್ ಪ್ರಿಂಟ್ ತೆಗೆಸಲು ಬಂದಿದ್ದರು. 'ಅಣ್ಣಾ, ಬೇಗ ಕೊಡಿ, ಬಸ್ಸು ಹೋಗುತ್ತೆ' ಅಂದರು. 'ಒಂದ್ ನಿಮಿಷ ಕಣಮ್ಮ, ಸಿಸ್ಟಮ್ ಲೋಡ್ ಆಗ್ತಾ ಇದೆ' ಅಂದರು ಭಾವ. ಆಕೆ ಸ್ವಲ್ಪ ಹೊತ್ತು ನಿಂತು, ಸೆರಗು ಸರಿ ಮಾಡಿಕೊಂಡು, ಪಕ್ಕದ ಅಂಗಡಿಗೆ ಹೋದರು. ಭಾವ ನನ್ನ ಕಡೆ ತಿರುಗಿ, 'ನೋಡಿದ್ಯೇನಪ್ಪಾ ಇಂಜಿನಿಯರ್ರೇ, ಹತ್ತು ರೂಪಾಯಿ ಹಂಗೇ ಎದ್ದು ಹೋಯ್ತು' ಎಂದು ನಕ್ಕರು. ಅದಾದ ಕೂಡಲೇ ಆ ಪ್ರಶ್ನೆ ಬಂತು. 'ಎಸ್‌ಎಸ್‌ಡಿ ಹಾಕ್ಸಿದ್ರೆ ಸರಿ ಹೋಗುತ್ತೆ ಅಂತಾರೆ. ದೀಪಾವಳಿಗೆ ತಗೊಂಡ್ರೆ ಒಂದೈನೂರು ಕಮ್ಮಿ ಆಗಲ್ವಾ?'

ನಾನು ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದೆ. ಪ್ರೊಸೆಸರ್ ಸುಮ್ಮನೆ ಕೂತಿತ್ತು. ಡಿಸ್ಕ್ ಮಾತ್ರ 100 ಪರ್ಸೆಂಟ್, ಕೆಂಪಗೆ. ಇದನ್ನು ನೋಡದ ವಿಂಡೋಸ್ 10 ಬಳಕೆದಾರ ಯಾರಿದ್ದಾರೆ ಹೇಳಿ. ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 8 ಮಿಲಿಸೆಕೆಂಡಿಗೂ ಸ್ವಲ್ಪ ಜಾಸ್ತಿ. ಓದುವ ಕೈ ಸರಿಯಾದ ಸಾಲಿಗೆ ಸರಿಯಬೇಕು, ಬೇಕಾದ ಜಾಗ ತಿರುಗಿ ಅದರ ಕೆಳಗೆ ಬರಬೇಕು. ಹೀಗಾಗಿ ಚೆದುರಿದ ಸಣ್ಣ ಸಣ್ಣ ಫೈಲುಗಳನ್ನು ಓದುವಾಗ ಅದು ಸೆಕೆಂಡಿಗೆ ನೂರರ ಆಸುಪಾಸು ಜಾಗ ಮುಟ್ಟಿದರೆ ಹೆಚ್ಚು. ವಿಂಡೋಸ್ ಏಳುವುದು, ಕೋರೆಲ್ ತೆರೆಯುವುದು, ಫಾಂಟ್ ಎಣಿಸುವುದು ಎಲ್ಲವೂ ಇದೇ ಜಾತಿಯ ಕೆಲಸ. ಎಸ್‌ಎಸ್‌ಡಿಯಲ್ಲಿ ತಿರುಗುವುದು ಸರಿಯುವುದು ಏನೂ ಇಲ್ಲ. ಹಾರ್ಡ್ ಡಿಸ್ಕಿನದೇ ಸಾಟಾ ಜೋಡಣೆಗೆ ಸಿಕ್ಕಿಸುವ ಸಾಧಾರಣ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಜಾಗ ಓದುತ್ತದೆ. ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದಿರುವ '550 ಎಂಬಿ' ನಿಜವಾದ ವಿಷಯ ಅಲ್ಲವೇ ಅಲ್ಲ. ಒಂದೇ ಸಮ ಓದುವಾಗ ಹಾರ್ಡ್ ಡಿಸ್ಕೂ ಸೆಕೆಂಡಿಗೆ 150 ಎಂಬಿ ಕೊಡುತ್ತದೆ, ಅಂದರೆ ಮೂರು ನಾಲ್ಕು ಪಟ್ಟಿನ ವ್ಯತ್ಯಾಸ ಅಷ್ಟೇ. ಚೆದುರಿದ ಓದಿನಲ್ಲಿ ವ್ಯತ್ಯಾಸ ನೂರಾರು ಪಟ್ಟು. ಭಾವನ ಅಂಗಡಿಯ ಬೆಳಗು ಹಾಳಾಗುತ್ತಿದ್ದದ್ದು ಅಲ್ಲಿ.

ದೀಪಾವಳಿಗೆ ಉಳಿಯುವ ಐನೂರರ ಮಾತಿಗೆ ನಾನು ಹೇಳಿದ್ದು ಇಷ್ಟೇ. 'ಭಾವ, ದಿನಕ್ಕೆ ಇಬ್ಬರು ಹಿಂಗೆ ಎದ್ದು ಹೋದ್ರೂ ನವೆಂಬರ್ ಹೊತ್ತಿಗೆ ಎಷ್ಟಾಯ್ತು, ನೀವೇ ಲೆಕ್ಕ ಹಾಕಿ.' ಅವರು ಲೆಕ್ಕ ಹಾಕಲಿಲ್ಲ. ಅಕ್ಕ ಹಾಕಿದಳು. ಮುಂದಿನ ವಾರ ನಾನು ಬೆಂಗಳೂರಿನಿಂದ 500 ಜಿಬಿಯ ಒಂದು ಸಾಟಾ ಡ್ರೈವ್ ತೆಗೆದುಕೊಂಡು ಹೋದೆ. ಆ ಹಳೆಯ ಬೋರ್ಡಿನಲ್ಲಿ ಬೇರೆ ಯಾವುದಕ್ಕೂ ಜಾಗವೇ ಇರಲಿಲ್ಲವಾದ್ದರಿಂದ ಯಾವುದು ಎಂಬ ಪ್ರಶ್ನೆ ತಾನಾಗಿಯೇ ಮುಗಿದಿತ್ತು. ಹೊಸದಾಗಿ ವಿಂಡೋಸ್ ಹಾಕುವ ಗೋಜಿಗೆ ಹೋಗಲಿಲ್ಲ. ಫಾಂಟು, ಡಾಂಗಲಿನ ಡ್ರೈವರ್, ಎಲ್ಲ ಇದ್ದ ಹಾಗೇ ಇರಲಿ ಎಂದು ರಾತ್ರಿ ಅಂಗಡಿ ಮುಚ್ಚಿದ ಮೇಲೆ ಇಡೀ ಡಿಸ್ಕನ್ನು ಕ್ಲೋನ್ ಮಾಡಲು ಬಿಟ್ಟೆ. ಹಳೆಯ ಬೋರ್ಡುಗಳಲ್ಲಿ ಬಯಾಸ್ (ಕಂಪ್ಯೂಟರ್ ಎದ್ದ ಕೂಡಲೇ ಓಡುವ ಮೂಲ ಸಾಫ್ಟ್‌ವೇರ್) ಇನ್ನೂ ಐಡಿಇ ಎಂಬ ಹಳೆಯ ಮೋಡಿನಲ್ಲಿ ಇರುವುದುಂಟು, ಎಸ್‌ಎಸ್‌ಡಿಗೆ ತಕ್ಕ ಎಎಚ್‌ಸಿಐ ಆಗಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಹಾರ್ಡ್ ಡಿಸ್ಕನ್ನು ಬಿಸಾಡಲಿಲ್ಲ, ಹಳೆಯ ಕಾರ್ಡುಗಳ ಫೈಲಿಗೆಂದು ಡಿ ಡ್ರೈವ್ ಆಗಿ ಉಳಿಸಿದೆ. ಬೆಳಿಗ್ಗೆ ಭಾವ ಸ್ವಿಚ್ ಒತ್ತಿ ನೀರಿನ ಚೊಂಬು ಎತ್ತಿಕೊಂಡು ಬಾಗಿಲಿಗೆ ಹೋದರು. ವಾಪಸ್ ಬಂದು ಸ್ಕ್ರೀನ್ ನೋಡಿ, 'ಇದೇನು, ರಾತ್ರಿ ಆಫ್ ಮಾಡಿರಲಿಲ್ವಾ?' ಅಂದರು.

ಕೋಲಾರದ ಟೊಮೆಟೊ

ಅದೇ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿತ್ತು, ನೆನಪಿರಬೇಕು. ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸು 2000 ರೂಪಾಯಿ ಮೇಲೆ ಹೋಗಿತ್ತು. ಅದಕ್ಕೂ ಕೆಲವು ತಿಂಗಳ ಹಿಂದೆ ಬೆಲೆ ಬಿದ್ದು, ಕೊಯ್ಲಿನ ಕೂಲಿಯೂ ಹುಟ್ಟದೆ ರೈತರು ಕಂಗಾಲಾಗಿದ್ದರು. ಬೆಲೆ ಬಿದ್ದಾಗ ನಾಟಿ ಕಮ್ಮಿಯಾಗುತ್ತದೆ. ನಾಟಿ ಕಮ್ಮಿಯಾದದ್ದು ಕೆಲವು ತಿಂಗಳಾದ ಮೇಲೆ ಸಂತೆಯಲ್ಲಿ ಕಾಣುತ್ತದೆ. ಎಸ್‌ಎಸ್‌ಡಿಯ ಒಳಗಿರುವ ನ್ಯಾಂಡ್ ಚಿಪ್ಪಿನ ಬೆಲೆ ನಡೆಯುವುದೂ ಹೀಗೆಯೇ. ತಮಾಷೆಯೆಂದರೆ ಆ ಜುಲೈನಲ್ಲಿ ಟೊಮೆಟೊ ತುದಿಯಲ್ಲಿತ್ತು, ನ್ಯಾಂಡ್ ತಳದಲ್ಲಿತ್ತು. 1 ಟಿಬಿಯ ಎನ್‌ವಿಎಂಇ (ಹೆಚ್ಚು ವೇಗದ ಬಗೆಯ ಎಸ್‌ಎಸ್‌ಡಿ) ಡ್ರೈವ್ ನಾಲ್ಕು ಸಾವಿರದ ಆಸುಪಾಸಿಗೆ ಸಿಗುತ್ತಿತ್ತು.

ಏಕೆ ಹಾಗಾಯಿತು ಎಂದರೆ, ಕೋವಿಡ್ ಕಾಲದಲ್ಲಿ ಜನ ಮನೆಯಿಂದ ಕೆಲಸ, ಮನೆಯಿಂದ ಪಾಠ ಎಂದು ಕಂಪ್ಯೂಟರ್ ಕೊಂಡರು. ಚಿಪ್ ಮಾಡುವವರು ಅದೇ ಲೆಕ್ಕದಲ್ಲಿ ಉತ್ಪಾದನೆ ಮಾಡಿದರು. 2022ರಲ್ಲಿ ಬೇಡಿಕೆ ಕುಸಿಯಿತು, ಮಾಲು ಗೋದಾಮಿನಲ್ಲಿ ಉಳಿಯಿತು. ನಷ್ಟ ತಡೆಯಲಾರದೆ ಒಬ್ಬೊಬ್ಬರೇ ಉತ್ಪಾದನೆ ಇಳಿಸಿದರು. ಕಡೆಗೆ 2023ರ ಏಪ್ರಿಲ್‌ನಲ್ಲಿ ಸ್ಯಾಮ್‌ಸಂಗ್ ಕೂಡ ಮೆಮೊರಿ ಉತ್ಪಾದನೆ ತಗ್ಗಿಸುವುದಾಗಿ ಹೇಳಿತು. ಅದರ ಫಲ ಅಂಗಡಿಗೆ ಬಂದದ್ದು ವರ್ಷದ ಕೊನೆಯ ಹೊತ್ತಿಗೆ. ಭಾವ ಕಾಯಬೇಕೆಂದಿದ್ದ ದೀಪಾವಳಿಯ ಹೊತ್ತಿಗೆ ರೇಟ್ ಏರತೊಡಗಿತ್ತು. 2024ರಲ್ಲಿ ಇನ್ನೂ ಏರಿತು. ನನಗೆ ಇದು ಮೊದಲೇ ಗೊತ್ತಿತ್ತು ಎಂದು ಹೇಳಿಕೊಳ್ಳುತ್ತಿಲ್ಲ. ರೇಟ್ ಏರದಿದ್ದರೂ ನನ್ನ ಮಾತು ಅದೇ ಆಗಿರುತ್ತಿತ್ತು.

'ಎಲೆಕ್ಟ್ರಾನಿಕ್ಸ್ ಅಲ್ವಾ, ಬೆಲೆ ಇಳೀತಾನೇ ಇರುತ್ತೆ' ಎಂಬ ಮಾತು ಹತ್ತು ವರ್ಷದ ಲೆಕ್ಕಕ್ಕೆ ಸರಿ. 2008ರಲ್ಲಿ ಇಂಟೆಲ್‌ನ ಎಕ್ಸ್25-ಎಂ ಬಂದಾಗ ಬರೀ 80 ಜಿಬಿಗೆ 595 ಡಾಲರ್ ಇಟ್ಟಿದ್ದರು. ಅಲ್ಲಿಂದ ಇಲ್ಲಿಗೆ ನೋಡಿದರೆ ಇದು ಪಾತಾಳ. ಹತ್ತು ತಿಂಗಳ ಲೆಕ್ಕಕ್ಕೆ ಆ ಮಾತು ನಿಲ್ಲುವುದಿಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಕಾರ್ಖಾನೆಗಳಿಗೆ ನೀರು ನುಗ್ಗಿದಾಗ ಹಾರ್ಡ್ ಡಿಸ್ಕಿನ ಬೆಲೆ ಜಗತ್ತಿನಲ್ಲೆಲ್ಲ ಜಿಗಿಯಿತು. 2017ರ ಹೊತ್ತಿಗೆ ಕಾರ್ಖಾನೆಗಳು ಚಿಪ್ಪಿನ ಪದರಗಳನ್ನು ಒಂದರ ಮೇಲೊಂದು ಪೇರಿಸುವ ಹೊಸ ವಿಧಾನಕ್ಕೆ ಹೊರಳುತ್ತಿದ್ದಾಗ ಎಸ್‌ಎಸ್‌ಡಿ ಕೊರತೆಯಾಯಿತು. 2022ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಕಿಯೋಕ್ಸಿಯಾ ಮತ್ತು ವೆಸ್ಟರ್ನ್ ಡಿಜಿಟಲ್‌ನ ಕಾರ್ಖಾನೆಗಳಲ್ಲಿ ಕಚ್ಚಾ ಪದಾರ್ಥ ಕಲುಷಿತವಾಗಿ ದೊಡ್ಡ ಪ್ರಮಾಣದ ನ್ಯಾಂಡ್ ಹಾಳಾಯಿತು. ಅಂಗಡಿಯಲ್ಲಿ ಐವತ್ತು ಹೆಸರಿನ ಎಸ್‌ಎಸ್‌ಡಿ ಕಾಣಬಹುದು. ಒಳಗಿನ ಚಿಪ್ಪು ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಕಿಯೋಕ್ಸಿಯಾ ಮತ್ತು ಸ್ಯಾನ್‌ಡಿಸ್ಕ್ ಜೋಡಿ, ಚೀನಾದ ವೈಎಂಟಿಸಿ, ಇಂಥ ಕೆಲವೇ ಕಡೆಯಿಂದ. ಅವರಲ್ಲಿ ಒಬ್ಬರು ಕೆಮ್ಮಿದರೂ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಎಸ್.ಪಿ. ರೋಡಿನ ರೇಟ್ ಬದಲಾಗುತ್ತದೆ. ಹಬ್ಬದ ಆಫರಿನಲ್ಲಿ ಸಿಗುವ ಹತ್ತು ಪರ್ಸೆಂಟ್ ಇದರ ಮುಂದೆ ಲೆಕ್ಕಕ್ಕೇ ಇಲ್ಲ.

ಮೊದಲು ಸ್ಲಾಟ್ ತೋರಿಸಪ್ಪ

ಯಾವುದು ಕೊಳ್ಳಬೇಕು ಎಂಬುದಕ್ಕೆ ನಾನು ಕೇಳಿದ ಒಳ್ಳೆಯ ಉತ್ತರ ಯಾವ ವಿಡಿಯೋದಲ್ಲೂ ಸಿಕ್ಕಿದ್ದಲ್ಲ, ಎಸ್.ಪಿ. ರೋಡಿನ ಒಂದು ಇಕ್ಕಟ್ಟಿನ ಅಂಗಡಿಯಲ್ಲಿ ಸಿಕ್ಕಿದ್ದು. ಭಾವನ ಡ್ರೈವ್ ತರಲು ಹೋದಾಗ ನನ್ನ ಮುಂದೆ ಒಬ್ಬ ಕಾಲೇಜು ಹುಡುಗ ನಿಂತಿದ್ದ. ಫೋನಿನಲ್ಲಿ ಒಂದು ಮಾಡೆಲ್ ತೋರಿಸಿ, 'ಅಣ್ಣ, ಇದೇ ಬೇಕು, 7000 ಸ್ಪೀಡ್ ಇರೋದು' ಅಂದ. ಕೌಂಟರಿನ ಹಿಂದಿದ್ದ ವಯಸ್ಸಾದ ಯಜಮಾನರು ಆ ಬಾಕ್ಸಿಗೆ ಕೈಯನ್ನೇ ಹಾಕಲಿಲ್ಲ. 'ಮೊದಲು ಲ್ಯಾಪ್‌ಟಾಪಿನ ಸ್ಲಾಟ್ ತೋರಿಸಪ್ಪ' ಅಂದರು. ಹುಡುಗನ ಹತ್ತಿರ ಲ್ಯಾಪ್‌ಟಾಪೇ ಇರಲಿಲ್ಲ, ಹಾಸ್ಟೆಲಿನಲ್ಲಿತ್ತು. ಮಾಡೆಲ್ ನಂಬರ್ ಹಾಕಿ ಹುಡುಕಿದರೆ ಅದರ ಎಂ.2 ಸ್ಲಾಟು ಸಾಟಾ ಮಾತ್ರ ಒಪ್ಪುವಂಥದ್ದು. 'ನಾನು ಇದನ್ನ ಕೊಟ್ಟಿದ್ರೆ ನಾಳೆ ನೀನು ಬಂದು ಡೆಡ್ ಪೀಸ್ ಕೊಟ್ರಿ ಅಂತ ಜಗಳ ಆಡ್ತಿದ್ದೆ' ಎಂದು ಅವರು ನಕ್ಕರು.

ಈ ಗೊಂದಲ ಇನ್ನೂ ಹೋಗಿಲ್ಲ. ಎಂ.2 ಅಂದರೆ ಬರೀ ಆಕಾರ. ಗಮ್ ಪಟ್ಟಿಯಷ್ಟು ಅಗಲದ ಆ ಕಡ್ಡಿ ಸಾಟಾ ಭಾಷೆಯಲ್ಲೂ ಮಾತಾಡಬಹುದು, ಎನ್‌ವಿಎಂಇ ಭಾಷೆಯಲ್ಲೂ ಮಾತಾಡಬಹುದು. ಚಿನ್ನದ ಬಣ್ಣದ ತುದಿಯಲ್ಲಿ ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಒಂದೇ ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಉದ್ದವೂ ಬೇರೆ ಬೇರೆ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಕೆಲವು ಲ್ಯಾಪ್‌ಟಾಪಿನಲ್ಲಿ 2242 ಮಾತ್ರ ಹಿಡಿಸುತ್ತದೆ. ಸ್ಲಾಟೇ ಇಲ್ಲದ ಹಳೆಯ ಯಂತ್ರಕ್ಕೆ ಎರಡೂವರೆ ಇಂಚಿನ ಸಾಟಾ ಡ್ರೈವೇ ಗತಿ, ಮತ್ತು ಅದು ಕೆಟ್ಟ ಗತಿಯೇನೂ ಅಲ್ಲ.

ಸ್ಪೀಡಿನ ವಿಷಯಕ್ಕೆ ಬಂದರೆ, ಸಾಟಾ 550ರ ಹತ್ತಿರ ನಿಲ್ಲುತ್ತದೆ. ಎನ್‌ವಿಎಂಇ ಡ್ರೈವುಗಳು ಬಳಸುವ ಪಿಸಿಐಇ ಜೋಡಣೆಯ ಮೂರನೇ ತಲೆಮಾರು ಸೆಕೆಂಡಿಗೆ 3500, ನಾಲ್ಕನೆಯದು 7000, ಐದನೆಯದು 14000 ಎಂಬಿ ಮುಟ್ಟುತ್ತದೆ. ಅಂಕಿ ನೋಡಿದರೆ ಬಾಯಲ್ಲಿ ನೀರೂರುತ್ತದೆ. ಬ್ರೌಸರ್ ತೆರೆಯುವಾಗ, ವರ್ಡ್ ಫೈಲ್ ತೆರೆಯುವಾಗ, ಟ್ಯಾಲಿ ಓಡಿಸುವಾಗ ನಿಮಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಅಲ್ಲಿ ಬೇಕಿರುವುದು ಚೆದುರಿದ ಸಣ್ಣ ಓದು, ಅದರಲ್ಲಿ ಇವುಗಳ ನಡುವೆ ಅಷ್ಟು ಅಂತರ ಇಲ್ಲ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಹೋದಾಗ ಬದುಕು ಬದಲಾಗುತ್ತದೆ. ಒಂದು ಎಸ್‌ಎಸ್‌ಡಿಯಿಂದ ಇನ್ನೊಂದಕ್ಕೆ ಹೋದಾಗ ಬೆಂಚ್‌ಮಾರ್ಕ್ ಸ್ಕ್ರೀನ್‌ಶಾಟ್ ಬದಲಾಗುತ್ತದೆ. ಐದನೇ ತಲೆಮಾರಿನವು ಕಾದು ಬಿಸಿಯಾಗುತ್ತವೆ ಬೇರೆ, ಅವಕ್ಕೆ ಲೋಹದ ಹೀಟ್‌ಸಿಂಕ್ ಬೇಕು. ನನ್ನ ಸಹೋದ್ಯೋಗಿಯೊಬ್ಬ ಅದನ್ನು ಹಾಕಿಸಿಕೊಂಡಿದ್ದಾನೆ. ಇ-ಮೇಲ್ ಓದುತ್ತಾನೆ.

ಬಾಕ್ಸಿನ ಮೇಲಿನ ಹೆಸರನ್ನೂ ಪೂರ್ತಿ ನಂಬುವ ಹಾಗಿಲ್ಲ. 2021ರಲ್ಲಿ ಕ್ರೂಶಿಯಲ್ ತನ್ನ ಪಿ2 ಡ್ರೈವಿನ ಒಳಗಿನ ಟಿಎಲ್‌ಸಿ ಚಿಪ್ಪು ತೆಗೆದು, ಅಗ್ಗದ ಆದರೆ ಬರೆಯಲು ನಿಧಾನವಾದ ಕ್ಯೂಎಲ್‌ಸಿ ಹಾಕಿತು, ಹೆಸರು ಅದೇ ಇಟ್ಟಿತು. ವೆಸ್ಟರ್ನ್ ಡಿಜಿಟಲ್ ಎಸ್‌ಎನ್550 ವಿಷಯದಲ್ಲೂ ಅದೇ ವರ್ಷ ಚಿಪ್ಪು ಬದಲಾಗಿ, ತಕರಾರು ಎದ್ದ ಮೇಲೆ, ಇನ್ನು ಮುಂದೆ ಹೀಗೆ ಬದಲಾಯಿಸಿದರೆ ಹೊಸ ಮಾಡೆಲ್ ನಂಬರ್ ಕೊಡುತ್ತೇವೆ ಎಂದು ಕಂಪನಿ ಹೇಳಬೇಕಾಯಿತು. ದೊಡ್ಡವರೇ ಹೀಗಾದರೆ ಹೆಸರೇ ಕೇಳದ ಬ್ರ್ಯಾಂಡುಗಳಲ್ಲಿ ಒಂದೊಂದು ಲಾಟಿಗೆ ಒಂದೊಂದು ಚಿಪ್ಪು ಇರುವುದು ಸಹಜ. ಹಾಗಾಗಿ ಬಿಡುಗಡೆಯ ವಾರದಲ್ಲಿ ಬರೆದ ರಿವ್ಯೂ ಓದಿ ಎರಡು ವರ್ಷದ ನಂತರ ಕೊಳ್ಳುವಾಗ ಸ್ವಲ್ಪ ಎಚ್ಚರ ಬೇಕು. ನನಗೆ ರಿವ್ಯೂಗಿಂತ ಐದು ವರ್ಷದ ವಾರಂಟಿ ಮೇಲೆ ನಂಬಿಕೆ ಜಾಸ್ತಿ. ವಾರಂಟಿ ಬೇಕಾದರೆ ಬಿಲ್ ಬೇಕು. 'ಬಿಲ್ ಇಲ್ದೆ ಆದ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್' ಅನ್ನುವ ಕಡೆ ಆ ಉಳಿಕೆ ಯಾರ ಜೇಬಿಗೆ ಹೋಗುತ್ತದೆ ಎಂದು ಯೋಚಿಸಿ. (ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ 2 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಎಂದು ಮಾರುತ್ತಾರಲ್ಲ, ಅದರ ಬಗ್ಗೆ ನನ್ನನ್ನು ಕೇಳಬೇಡಿ. ಬಿಚ್ಚಿದರೆ ಒಳಗೆ ಸಣ್ಣ ಮೆಮೊರಿ ಕಾರ್ಡು ಇರುತ್ತದೆ. ಆದರೆ 500 ಜಿಬಿ ಡ್ರೈವನ್ನು ವಿಂಡೋಸ್ 465 ಎಂದು ತೋರಿಸುವುದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ ಅಷ್ಟೇ.)

ಮದುವೆ ವಿಡಿಯೋದವನು

ಹಾಗಾದರೆ ಯಾವುದಾದರೂ ಒಂದು ತಂದು ಹಾಕಿದರೆ ಆಯಿತಲ್ಲ ಅಂದರೆ, ಎಲ್ಲರಿಗೂ ಅಲ್ಲ. ಹಾಸನದಲ್ಲಿ ನನ್ನ ಗೆಳೆಯನೊಬ್ಬ ಮದುವೆ ವಿಡಿಯೋ ಮಾಡುತ್ತಾನೆ. ಎರಡು ಕ್ಯಾಮರಾ, ಒಂದು ಡ್ರೋನು, ಎಲ್ಲ 4ಕೆ. ಆರತಕ್ಷತೆ, ಧಾರೆ ಎರಡೂ ಮುಗಿಯುವ ಹೊತ್ತಿಗೆ ನೂರಾರು ಜಿಬಿ ಆಗಿರುತ್ತದೆ. ರಾತ್ರಿ ಕಾರ್ಡುಗಳನ್ನು ಖಾಲಿ ಮಾಡಿಯೇ ಮಲಗಬೇಕು, ಬೆಳಿಗ್ಗೆ ಇನ್ನೊಂದು ಮದುವೆ ಇರುತ್ತದೆ. ಅವನೊಮ್ಮೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. 'ಲೋ, ಹೊಸ ಎಸ್‌ಎಸ್‌ಡಿ ಕಣೋ. ಶುರುವಲ್ಲಿ ಹಾರ್‌ಕೊಂಡು ಹೋಗುತ್ತೆ, ಆಮೇಲೆ ಹಳೇ ಹಾರ್ಡ್ ಡಿಸ್ಕಿಗಿಂತ ಕಡೆ ಆಗುತ್ತೆ. ಡಿಫೆಕ್ಟಿವ್ ಪೀಸಾ?'

ಡಿಫೆಕ್ಟ್ ಏನೂ ಇರಲಿಲ್ಲ. ಅದು ಕ್ಯೂಎಲ್‌ಸಿ ಡ್ರೈವ್. ನ್ಯಾಂಡ್ ಚಿಪ್ಪಿನ ಪ್ರತಿ ಕೋಶದಲ್ಲಿ ಸ್ವಲ್ಪ ವಿದ್ಯುತ್ ಸಿಕ್ಕಿಹಾಕಿಸಿ ಇಡುತ್ತಾರೆ. ಎಷ್ಟಿದೆ ಎಂಬುದೇ ಮಾಹಿತಿ. ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಇದನ್ನು ಕಂಡುಹಿಡಿದಾಗ ಒಂದು ಕೋಶಕ್ಕೆ ಒಂದು ಬಿಟ್. ಇದೆ ಅಥವಾ ಇಲ್ಲ, ಎರಡೇ ಮಟ್ಟ. ಟಿಎಲ್‌ಸಿಯಲ್ಲಿ ಮೂರು ಬಿಟ್, 8 ಮಟ್ಟ. ಕ್ಯೂಎಲ್‌ಸಿಯಲ್ಲಿ ನಾಲ್ಕು ಬಿಟ್, 16 ಮಟ್ಟ. ಅದೇ ಜಾಗದಲ್ಲಿ ಜಾಸ್ತಿ ತುಂಬುವುದರಿಂದ ಅಗ್ಗ. ಆದರೆ 16 ಮಟ್ಟದಲ್ಲಿ ಸರಿಯಾದ ಒಂದಕ್ಕೆ ತಂದು ನಿಲ್ಲಿಸಲು ಬರೆಯುವಾಗ ತುಂಬಾ ನಾಜೂಕು ಬೇಕು, ಹೊತ್ತು ಹಿಡಿಯುತ್ತದೆ. ಇದನ್ನು ಮರೆಮಾಚಲು ಡ್ರೈವು ಸ್ವಲ್ಪ ಜಾಗವನ್ನು ಒಂದು ಬಿಟ್ಟಿನ ಲೆಕ್ಕದಲ್ಲಿ ಬಳಸುತ್ತದೆ. ಬಂದದ್ದನ್ನು ಅಲ್ಲಿ ಬೇಗ ಇಳಿಸಿಕೊಂಡು, ಪುರುಸೊತ್ತಾದಾಗ ಒಳಗೆ ಸಾಗಿಸುತ್ತದೆ. ಆ ಜಾಗ ತುಂಬುವವರೆಗೆ ಎಲ್ಲ ಸೊಗಸು. ಗೆಳೆಯನ ಡ್ರೈವ್ ಯಾರದ್ದೆಂಬುದು ಇಲ್ಲಿ ಬೇಡ. ಬೇರೊಂದು ಡ್ರೈವಾದ 870 ಕ್ಯೂವಿಓದ 1 ಟಿಬಿಗೆ ಸ್ಯಾಮ್‌ಸಂಗ್ ಈ ವಿಷಯ ಮುಚ್ಚಿಡದೆ ಬರೆದಿದೆ. ಬರೆಯುವ ವೇಗ 530 ಎಂಬಿ, ಆ ಜಾಗ ತುಂಬಿದ ಮೇಲೆ 80. ಹೀಗೆ ಸ್ಪಷ್ಟವಾಗಿ ಹೇಳುವವರು ಕಡಿಮೆ. ಡ್ರೈವು ತುಂಬುತ್ತಾ ಬಂದ ಹಾಗೆ ಬೇಗ ಬರೆಯುವ ಆ ಜಾಗವೂ ಹೆಚ್ಚಿನವುಗಳಲ್ಲಿ ಕುಗ್ಗುತ್ತದೆ, ಹಾಗಾಗಿ ಯಾವ ಎಸ್‌ಎಸ್‌ಡಿಯನ್ನೂ ಕಂಠಪೂರ್ತಿ ತುಂಬಬಾರದು.

ಭಾವನ ಅಂಗಡಿಯಲ್ಲಿ ಇದೇ ಕ್ಯೂಎಲ್‌ಸಿ ಡ್ರೈವು ಇದ್ದಿದ್ದರೆ ಅವರಿಗೆ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ಲಗ್ನಪತ್ರಿಕೆ ಫೈಲು ಎಷ್ಟು ದೊಡ್ಡದಿದ್ದರೂ ಕೆಲವು ಎಂಬಿ. ವಿಡಿಯೋದವನಿಗೆ ಮಾತ್ರ ಟಿಎಲ್‌ಸಿ ಬೇಕು, ಡಿರ‍್ಯಾಮ್ (ಡ್ರೈವಿನ ಸ್ವಂತ ಕೆಲಸದ ಮೆಮೊರಿ) ಇರುವ ಡ್ರೈವ್ ಬೇಕು, ದೊಡ್ಡ ಸೈಜ್ ಬೇಕು. ಅವನು ಆ ಡ್ರೈವನ್ನು ಮುಗಿದ ಪ್ರಾಜೆಕ್ಟುಗಳನ್ನು ನೋಡಿಕೊಳ್ಳಲು ಬಿಟ್ಟು, ಕೆಲಸಕ್ಕೆ ಬೇರೆ ಕೊಂಡ. ಯಾವುದು ಕೊಳ್ಳಲಿ ಎಂದು ಯಾರಾದರೂ ಕೇಳಿದರೆ ಈಗ ನಾನು ಮೊದಲು ಕೇಳುವುದು, ದಿನಕ್ಕೆ ಎಷ್ಟು ಬರೆಯುತ್ತೀರಿ ಎಂದು. ಬಜೆಟ್ ಆಮೇಲೆ.

ಸವೆಯುವುದು, ಸಾಯುವುದು

'ಎಸ್‌ಎಸ್‌ಡಿ ಬರೆದಷ್ಟೂ ಸವೆಯುತ್ತಂತೆ' ಎಂಬ ಹೆದರಿಕೆ ಇನ್ನೂ ಇದೆ. ಸವೆಯುವುದು ನಿಜ. ಕಂಪನಿಗಳು ಟಿಬಿಡಬ್ಲ್ಯು ಎಂದು ಒಂದು ಅಂಕಿ ಕೊಡುತ್ತವೆ, ಒಟ್ಟು ಎಷ್ಟು ಟೆರಾಬೈಟ್ ಬರೆಯುವವರೆಗೆ ವಾರಂಟಿ ಅಂತ. ಸ್ಯಾಮ್‌ಸಂಗ್ 870 ಇವಿಓ 500 ಜಿಬಿಗೆ ಅದು 300. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7 ಟಿಬಿ ಚಿಲ್ಲರೆ. 300 ಮುಟ್ಟಲು ನಲವತ್ತು ವರ್ಷ. ಅಷ್ಟರಲ್ಲಿ ಕಂಪ್ಯೂಟರೂ ಇರುವುದಿಲ್ಲ, ಬಹುಶಃ ನಾನೂ.

ಹೆದರಬೇಕಾದ್ದು ಬೇರೆಯದಕ್ಕೆ. ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಎಷ್ಟೋ ಸಲ ಕಟಕಟ ಎಂದು ಹೇಳಿ ಸಾಯುತ್ತದೆ. ಎಸ್‌ಎಸ್‌ಡಿಯ ಕಂಟ್ರೋಲರ್ ಕೈಕೊಟ್ಟರೆ ಒಂದು ಬೆಳಿಗ್ಗೆ ಬಯಾಸಿನಲ್ಲಿ ಅದರ ಹೆಸರೇ ಇರುವುದಿಲ್ಲ. ಅಳಿಸಿದ ಫೈಲನ್ನು ವಾಪಸ್ ತರುವುದೂ ಕಷ್ಟ, ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಗುಡಿಸಿ ಹಾಕಿಬಿಟ್ಟಿರುತ್ತದೆ. ಕರೆಂಟು ಪದೇ ಪದೇ ಹೋಗುವ ಊರಿನಲ್ಲಿ ಯುಪಿಎಸ್ ಇಲ್ಲದೆ ಕಂಪ್ಯೂಟರ್ ಓಡಿಸುವುದು ಎರಡಕ್ಕೂ ಕೆಟ್ಟದ್ದು. ಮಕ್ಕಳ ಫೋಟೋ ತುಂಬಿದ ಎಸ್‌ಎಸ್‌ಡಿಯನ್ನು ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟು ಮರೆಯುವುದೂ ಒಳ್ಳೆಯದಲ್ಲ. ಪೂರ್ತಿ ಸವೆದ ಡ್ರೈವು ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು ಎಂಬುದಷ್ಟೇ ಉದ್ಯಮದ ಮಾನದಂಡ. ಹೊಸ ಡ್ರೈವು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಆದರೂ ಇಡುವುದಕ್ಕೆ ಹಾರ್ಡ್ ಡಿಸ್ಕೇ ವಾಸಿ. 7000 ಸ್ಪೀಡಿನ ಬದಲು 3500ರದ್ದು ಕೊಂಡು, ಉಳಿದ ದುಡ್ಡನ್ನು ಬ್ಯಾಕಪ್ಪಿಗೆ ಹಾಕಿ ಎಂದು ನಾನು ಹೇಳುವುದು ಇದಕ್ಕೆ.

ಈ ವರ್ಷ ಏನು ಮಾಡುವುದು

ಈಗ ಮತ್ತೆ ಮೇಲಿನ ಕಾಲ. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳು ರ‍್ಯಾಮು, ನ್ಯಾಂಡು ಎರಡನ್ನೂ ಬಾಚಿಕೊಳ್ಳುತ್ತಿವೆ. ನಮ್ಮಂಥವರಿಗೆ ಬಿಡಿಬಿಡಿಯಾಗಿ ಮಾರುವುದಕ್ಕಿಂತ ಅವರಿಗೆ ಸಗಟಾಗಿ ಮಾರುವುದೇ ಲಾಭ. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್, 29 ವರ್ಷ ನಡೆಸಿದ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಬಿಡುತ್ತೇವೆ ಎಂದು ಘೋಷಿಸಿತು. ನಾನು ಎಷ್ಟು ಜನಕ್ಕೆ ಕ್ರೂಶಿಯಲ್ ತಗೊಳ್ಳಿ ಎಂದು ಹೇಳಿದ್ದೆನೋ. ಇನ್ನೊಂದು ಕಡೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹಾಗಾಗಿ 'ಈ ಹಳೇ ಲ್ಯಾಪ್‌ಟಾಪಿಗೆ ದುಡ್ಡು ಹಾಕೋದು ಬೇಕಾ?' ಎಂದು ಈಗ ಜನ ಕೇಳುತ್ತಾರೆ.

2018, 19ರಲ್ಲಿ ಕೊಂಡ ಲ್ಯಾಪ್‌ಟಾಪುಗಳು ಎಷ್ಟೋ ಮನೆಯಲ್ಲಿವೆ. ಪ್ರೊಸೆಸರ್ ಎಂಟನೇ ತಲೆಮಾರಿನದು, ಒಳಗೆ ಮಾತ್ರ ನಿಮಿಷಕ್ಕೆ 5400 ಸುತ್ತಿನ 1 ಟಿಬಿ ಹಾರ್ಡ್ ಡಿಸ್ಕ್. ಅಂಥವರಿಗೆ ಇಂದಿನ ರೇಟಿನಲ್ಲೂ ನನ್ನ ಉತ್ತರ, ಹಾಕಿಸಿ. 1 ಟಿಬಿ ಬೇಡ, 250 ಸಾಕು. ಸಿಸ್ಟಮ್ ಅದರಲ್ಲಿರಲಿ, ಹಾರ್ಡ್ ಡಿಸ್ಕನ್ನು ಒಂದು ಯುಎಸ್‌ಬಿ ಕೇಸಿನಲ್ಲಿ ಹಾಕಿ ಫೋಟೋ ಸಿನಿಮಾ ಇಟ್ಟುಕೊಳ್ಳಿ. ರೇಟ್ ಏರಿದಾಗ ಸೈಜ್ ಇಳಿಸಬಹುದು, ದಿನ ಮುಂದೂಡಿ ಸಿಗುವುದೇನೂ ಇಲ್ಲ. ವಿಂಡೋಸ್ 11 ಒಪ್ಪದ ಯಂತ್ರವಾದರೂ ಸಾಟಾ ಡ್ರೈವು ದಂಡವಾಗುವುದಿಲ್ಲ, ನಾಳೆ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ವಿಡಿಯೋ ಗೆಳೆಯ 2 ಟಿಬಿಗೆ ರೇಟ್ ಕೇಳಿ ಫೋನ್ ಇಟ್ಟ. ಮದುವೆ ಸೀಸನ್ ಹತ್ತಿರ ಬಂದಿತ್ತು, ಕಾಯುವ ಹಾಗಿರಲಿಲ್ಲ. 1 ಟಿಬಿಯದು ಕೊಂಡು, ಆಲ್ಬಂ ಕೊಟ್ಟ ಮದುವೆಗಳನ್ನು ತಕ್ಷಣ ಹಾರ್ಡ್ ಡಿಸ್ಕಿಗೆ ಸಾಗಿಸುವ ಅಭ್ಯಾಸ ಮಾಡಿಕೊಂಡಿದ್ದಾನೆ. ಪ್ಯಾಕೇಜ್ ರೇಟನ್ನೂ ಸ್ವಲ್ಪ ಏರಿಸಿದ್ದಾನೆ, ಅದು ಬೇರೆ ಮಾತು.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಮೂರನೇ ತಲೆಮಾರಿನ 500 ಜಿಬಿ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ಡ್ರೈವ್ ಪರೀಕ್ಷಿಸುವ ಸಾಫ್ಟ್‌ವೇರ್ ತೆರೆದು ನೋಡಿದರೆ ಹೆಲ್ತ್ ಇನ್ನೂ 90ರ ಮೇಲಿದೆ, ಸವೆದದ್ದು ಏನೂ ಇಲ್ಲ. ಜಾಗ ಮಾತ್ರ ತುಂಬಿದೆ. ಎಲ್ಲಿ ಹೋಯಿತು ಎಂದು ಹುಡುಕಿದರೆ ಮಗಳ ಶಾಲೆಯ ವಾರ್ಷಿಕೋತ್ಸವದ ವಿಡಿಯೋಗಳು, ಹಳೆಯ ಫೋನುಗಳ ಬ್ಯಾಕಪ್ಪು, ಎಂದೋ ಇಳಿಸಿಕೊಂಡು ಮರೆತ ಸಾಫ್ಟ್‌ವೇರುಗಳು. 1 ಟಿಬಿಯದು ಕಾರ್ಟಿನಲ್ಲಿ ಕೂತು ತಿಂಗಳುಗಳಾದವು, ರೇಟ್ ಏರುತ್ತಲೇ ಇದೆ. ಕಳೆದ ಭಾನುವಾರ ಅದನ್ನು ಕಾರ್ಟಿನಿಂದ ತೆಗೆದೆ. ವಿಡಿಯೋಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಪ್ರತಿ ಅಕ್ಕನ ಮನೆಯಲ್ಲಿಡಲು ಕಳಿಸಿದ್ದೇನೆ. ನೂರೈವತ್ತು ಜಿಬಿ ಖಾಲಿಯಾಗಿದೆ. ಈ ವರ್ಷಕ್ಕೆ ಅಷ್ಟು ಸಾಕು.